ಡ್ರಮ್ಮಿನಲ್ಲೇ ಕೆಡುವ ಬೋರ್ಡೋ

ಕಾರ್ಕಳ ಕಡೆಯ ಅಡಿಕೆ ತೋಟಕ್ಕೆ ನಾನು ಮೊದಲ ಮದ್ದು ಬಿಡುವುದು ಮೇ ಕೊನೆಯ ವಾರ, ಮಳೆ ಹಿಡಿಯುವ ಮೊದಲು. ಆ ಮದ್ದು ಬೋರ್ಡೋ, ಅಂದರೆ ಮೈಲುತುತ್ತು ಮತ್ತು ಸುಣ್ಣ ಬೆರೆಸಿದ ದ್ರಾವಣ. ಅದು ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗವನ್ನು ತಡೆಯುತ್ತದೆ, ಬಂದದ್ದನ್ನು ಗುಣ ಮಾಡುವುದಿಲ್ಲ. ತೊಟ್ಟಿನ ಹತ್ತಿರ ನೀರು ಕುಡಿದಂಥ ಕಡುಹಸಿರು ಕಲೆ ಬಿದ್ದ ಕಾಯಿ ಹೇಗೂ ಉದುರುತ್ತದೆ. ಆಮೇಲೆ ಬಿಟ್ಟ ಮದ್ದಿನಿಂದ ಉಳಿಯುವುದು ಇನ್ನೂ ರೋಗ ತಾಗದ ಗೊನೆ ಮಾತ್ರ.

ಅಳತೆ ಎಲ್ಲರಿಗೂ ಗೊತ್ತು: 1 ಕೆ.ಜಿ. ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕೆ.ಜಿ. ಸುಣ್ಣ, 100 ಲೀಟರ್ ನೀರು. ಕೆಡುವುದು ಬೆರೆಸುವಲ್ಲಿ. ತುತ್ತನ್ನು ಹಿಂದಿನ ರಾತ್ರಿ ಬಟ್ಟೆಯಲ್ಲಿ ಕಟ್ಟಿ, 50 ಲೀಟರ್ ನೀರಿರುವ ಪ್ಲಾಸ್ಟಿಕ್ ಡ್ರಮ್ಮಿಗೆ ಅಡ್ಡಕೋಲು ಇಟ್ಟು ನೇತು ಹಾಕುತ್ತೇನೆ. ಗಂಟು ನೀರಿನ ಮೇಲ್ಮಟ್ಟದಲ್ಲೇ ಮುಳುಗಿರಬೇಕು. ಕರಗಿದ ತುತ್ತು ಭಾರವಾಗಿ ಕೆಳಗಿಳಿಯುತ್ತದೆ, ಗಂಟಿಗೆ ಹೊಸ ನೀರು ತಾಗುತ್ತಲೇ ಇರುತ್ತದೆ. ತಳಕ್ಕೆ ಸುರಿದುಬಿಟ್ಟರೆ ಬೆಳಗ್ಗೆಯೂ ಹರಳು ಹರಳಾಗಿ ಸಿಗುತ್ತದೆ. ಕಬ್ಬಿಣದ ಪಾತ್ರೆ ಬೇಡವೇ ಬೇಡ.

ಸುಣ್ಣ ಹೊಸತಿರಬೇಕು. ಗಾಳಿ ತಾಗಿ ಪುಡಿಯಾದ ಹಳೆ ಸುಣ್ಣಕ್ಕೆ ಸತ್ವ ಇರುವುದಿಲ್ಲ, ಒಂದು ಕೆ.ಜಿ. ಸಾಲದು. ಸ್ವಲ್ಪ ಸ್ವಲ್ಪ ನೀರು ಹಾಕಿ ಅರಳಿಸಿ, ಪೂರ್ತಿ ತಣಿದ ಮೇಲೆ ಉಳಿದ 50 ಲೀಟರಿಗೆ ಕಲಸಿ ಬಟ್ಟೆಯಲ್ಲಿ ಸೋಸಬೇಕು. ಸೋಸದಿದ್ದರೆ ಮರದ ಬುಡದಲ್ಲಿ ನಿಂತು ನಾಜಲ್ ಬಿಚ್ಚುವುದೇ ದಿನದ ಕೆಲಸ.

ಈಗ ತುತ್ತಿನ ನೀರನ್ನು ಸುಣ್ಣದ ನೀರಿಗೆ ಸಣ್ಣ ಧಾರೆಯಾಗಿ ಸುರಿಯುತ್ತಾ ಕೋಲಿನಿಂದ ತಿರುಗಿಸುತ್ತಿರಬೇಕು. ಸುಣ್ಣವನ್ನು ತುತ್ತಿಗೆ ಸುರಿದರೆ ಕಣ ದಪ್ಪವಾಗಿ ಬೇಗ ತಳ ಹಿಡಿಯುತ್ತದೆ, ಗೊನೆಗೂ ಸರಿಯಾಗಿ ಅಂಟುವುದಿಲ್ಲ. ಬಣ್ಣ ಆಕಾಶನೀಲಿ ಬಂತೆಂದು ನಂಬಬೇಡಿ. ತುಕ್ಕು ತಿಕ್ಕಿ ತೆಗೆದ ಕತ್ತಿಯ ಅಲಗನ್ನು ಒಂದು ನಿಮಿಷ ಅದ್ದಿ ನೋಡಿ. ಕೆಂಪು ಲೇಪ ಕೂತಿದ್ದರೆ ಬಿಡಿ ತಾಮ್ರ ಉಳಿದಿದೆ, ಎಳೆಕಾಯಿ ಸುಡುತ್ತದೆ. ಸುಣ್ಣದ ನೀರು ಸೇರಿಸಿ, ಅಲಗು ತಿಕ್ಕಿ ಮತ್ತೆ ಅದ್ದಿ. ಅಲಗು ಬೆಳ್ಳಗೆ ಬರುವವರೆಗೆ ಪಂಪಿಗೆ ಹಾಕುವಂತಿಲ್ಲ. ಮಾಡಿದ್ದನ್ನು ಅಂದೇ ಮುಗಿಸಬೇಕು. ನಾಳೆಗೆ ಇಟ್ಟದ್ದು ಬರೀ ನೀಲಿ ನೀರು.

ದೋಟಿಯಲ್ಲಾಗಲಿ (ಉದ್ದನೆಯ ಕೋಲು), ಮರ ಹತ್ತಿಯಾಗಲಿ, ಗೊನೆಗೆ ಸುತ್ತಲಿಂದಲೂ ಕೆಳಗಿನಿಂದಲೂ ಬಿಡಬೇಕು. ಹೊರಗಿನ ಕಾಯಿ ಮಾತ್ರ ನೆನೆದರೆ ಕೊಳೆ ಒಳಗಿನಿಂದ ಶುರುವಾಗುತ್ತದೆ. ಹನಿ ತೊಟ್ಟಿಕ್ಕಲು ತೊಡಗಿದರೆ ಸಾಕು, ಮತ್ತೆ ಬಿಟ್ಟದ್ದು ಮಣ್ಣಿಗೆ. ಗೊನೆಯಲ್ಲಿ ಮದ್ದು ಒಣಗುವಷ್ಟು ಹೊತ್ತು ಮಳೆ ಬರಬಾರದು. ಎರಡನೆಯ ಮದ್ದು 40–45 ದಿನಕ್ಕೆ, ಅಂದರೆ ಆಟಿಯ (ಜುಲೈ ನಡುವಿನಿಂದ ಶುರುವಾಗುವ ತುಳು ತಿಂಗಳು) ಹೊತ್ತಿಗೆ. ಆಗ ಮಳೆ ನಿಂತ ಒಂದು ಹೊಳವು ಸಿಕ್ಕಿದರೂ ಬೇರೆ ಕೆಲಸ ಬಿಟ್ಟು ಇದಕ್ಕೇ ನಿಲ್ಲುತ್ತೇನೆ. ಮಳೆ ಎಳೆದರೆ ಮೂರನೆಯದು. ಮರಕ್ಕೆ ಹಬ್ಬಿಸಿದ ಕಾಳುಮೆಣಸಿನ ಬಳ್ಳಿಗೂ ಇದೇ ದ್ರಾವಣ ಸಾಗುತ್ತದೆ.

ಉದುರಿದ ಕೊಳೆ ಅಡಿಕೆಯನ್ನು ಹೆಕ್ಕಿ ತೋಟದಿಂದ ಹೊರಗೆ ಹಾಕದಿದ್ದರೆ ಮದ್ದು ಅರ್ಧ ದಂಡ. ಪಂಪು, ಪೈಪು, ನಾಜಲ್ ಅಂದೇ ಸಂಜೆ ತೊಳೆಯಿರಿ. ಒಣಗಿದ ಸುಣ್ಣ ಮರುದಿನ ಸೂಜಿಗೂ ಬಗ್ಗುವುದಿಲ್ಲ.