ಮಲ್ಪೆಯಿಂದ ಮಂಗಳೂರಿಗೆ ಹಾಯಿದೋಣಿ: ಲೆಕ್ಕ ಮೈಸೂರಿನಲ್ಲೇ ಹಾಕಿ

ಕೆಆರ್‌ಎಸ್ ಹಿನ್ನೀರಿನಲ್ಲಿ ಹಾಯಿದೋಣಿ ಕಲಿತವರಿಗೆ ಒಂದಲ್ಲ ಒಂದು ದಿನ ಸಮುದ್ರದ ಆಸೆ ಹುಟ್ಟುತ್ತದೆ. ಹಾಯಿ ಅದೇ, ಚುಕ್ಕಾಣಿ ಅದೇ. ಬದಲಾಗುವುದು ಗಡಿಯಾರ. ಹಿನ್ನೀರಿನಲ್ಲಿ ಗಾಳಿ ಬಂದಾಗ ಹೊರಟು, ಸಾಕೆನಿಸಿದಾಗ ದಡ ಸೇರಬಹುದು. ಕರಾವಳಿಯ ಬಂದರಿಗೆ ಹಾಗೆ ನುಗ್ಗಲು ಆಗುವುದಿಲ್ಲ. ಅಲ್ಲಿ ನೀರು ದಿನಕ್ಕೆ ಎರಡು ಸಲ ಏರಿ ಇಳಿಯುತ್ತದೆ, ಒಳಗೆ ಹೋಗಲು ಅದರದ್ದೇ ಹೊತ್ತು ಇರುತ್ತದೆ. ಆದ್ದರಿಂದ ಯಾವಾಗ ಒಳಗೆ ಹೋಗಬಹುದು ಎಂದು ಮೊದಲು ನೋಡಿ, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾ ಬರಬೇಕು.

ಈ ಲೆಕ್ಕಕ್ಕೆ ಸಮುದ್ರ ಬೇಕಿಲ್ಲ, ಊಟದ ಮೇಜು ಸಾಕು. ಉದಾಹರಣೆಗೆ ಮಲ್ಪೆಯಿಂದ ಮಂಗಳೂರಿನ ಹಳೆ ಬಂದರಿನ ದಾರಿ ತೆಗೆದುಕೊಳ್ಳೋಣ. ಸುಮಾರು 30 ನಾಟಿಕಲ್ ಮೈಲಿ, ಅಂದರೆ 55 ಕಿ.ಮೀ. ಹಿನ್ನೀರಿನಲ್ಲಿ ಓಡಿಸುವ ಆಪ್ಟಿಮಿಸ್ಟ್, ಲೇಸರ್‌ನಂಥ ಪುಟ್ಟ ಹಾಯಿದೋಣಿಗಳು ಇದಕ್ಕೆ ಆಗುವುದಿಲ್ಲ. ಏಳೆಂಟು ಮೀಟರ್ ಉದ್ದದ, ಅಡಿಯಲ್ಲಿ ಭಾರದ ಕೀಲ್ ಇರುವ ದೋಣಿ ಬೇಕು. ಸಮುದ್ರ ಗೊತ್ತಿರುವ ಒಬ್ಬರಾದರೂ ಜೊತೆಗಿರಬೇಕು.

ಯಾವ ತಿಂಗಳು?

ನವೆಂಬರ್‌ನಿಂದ ಫೆಬ್ರವರಿ. ಮಳೆಗಾಲದ ಮಾತೇ ಬೇಡ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೇ ನಿಷೇಧ ಇರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಸಂಜೆ ಹೊತ್ತು ಘಟ್ಟದ ಕಡೆಯಿಂದ ಗುಡುಗು ಮಳೆ ಇಳಿದು ಬರುತ್ತದೆ. ದೂರದ ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಎದ್ದ ಉದ್ದನೆಯ ಅಲೆಗಳು ನಮ್ಮ ದಡಕ್ಕೆ ಬಡಿಯುವುದೂ ಆಗಲೇ ಜಾಸ್ತಿ. ಆಕಾಶ ಶುಭ್ರ, ಗಾಳಿ ಇಲ್ಲ, ಆದರೂ ಅಲೆ ದೊಡ್ಡದು. ಹೊಸಬರು ಮೋಸ ಹೋಗುವುದು ಇಲ್ಲೇ.

ತಿಥಿ ನೋಡಿ, ಆಮೇಲೆ ಟೈಡ್ ಟೇಬಲ್

ಮನೆಯ ಕ್ಯಾಲೆಂಡರ್ ತೆಗೆಯಿರಿ. ಅಮಾವಾಸ್ಯೆ, ಹುಣ್ಣಿಮೆ ಮತ್ತು ಅದರ ಮಾರನೇ ಒಂದೆರಡು ದಿನ ಉಬ್ಬರ ಎತ್ತರ, ಇಳಿತ ಆಳ, ಸೆಳೆತ ಜೋರು. ಅಷ್ಟಮಿಯ ಆಸುಪಾಸಿನಲ್ಲಿ ಎಲ್ಲವೂ ಮೆತ್ತಗೆ. ನಿಖರ ಹೊತ್ತಿಗೆ ಸರ್ವೆ ಆಫ್ ಇಂಡಿಯಾದ ಟೈಡ್ ಟೇಬಲ್ ನೋಡಬೇಕು. ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ಉಬ್ಬರದ ಹೊತ್ತು ದಿನಕ್ಕೆ 50 ನಿಮಿಷದಷ್ಟು ಮುಂದೆ ಹೋಗುತ್ತದೆ.

ನೀರು ಒಂದೇ ವೇಗದಲ್ಲಿ ಏರುವುದಿಲ್ಲ. ಇಳಿತಕ್ಕೂ ಉಬ್ಬರಕ್ಕೂ 120 ಸೆಂ.ಮೀ. ವ್ಯತ್ಯಾಸ ಎಂದುಕೊಳ್ಳಿ. ಮೊದಲ ಗಂಟೆ 10 ಸೆಂ.ಮೀ., ಎರಡನೆಯದು 20, ಮೂರು ಮತ್ತು ನಾಲ್ಕನೆಯದು 30, 30, ಐದನೆಯದು 20, ಆರನೆಯದು 10. ಅಂದಾಜಿಗೆ ಈ ಲೆಕ್ಕ ಸಾಕು. ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ ಈ ವ್ಯತ್ಯಾಸ 10 ಮೀಟರ್ ದಾಟುತ್ತದೆ. ನಮ್ಮದು ಅದರ ಮುಂದೆ ಏನೇನೂ ಅಲ್ಲ. ಹಾಗಂತ ಸುಮ್ನೆ ಬಿಡುವಂತಿಲ್ಲ, ಹೊಳೆ ಸಮುದ್ರ ಸೇರುವ ಬಾಯಿ, ಅಂದರೆ ಅಳಿವೆ ಇದೆಯಲ್ಲ.

ಅಳಿವೆಯೇ ಪರೀಕ್ಷೆ

ಹಳೆ ಬಂದರಿಗೆ ಹೋಗಲು ಬೆಂಗ್ರೆ ಮತ್ತು ಉಳ್ಳಾಲದ ನಡುವಿನ ಅಳಿವೆ ದಾಟಬೇಕು. ನೇತ್ರಾವತಿ, ಗುರುಪುರ ಹೊಳೆಗಳು ಸಮುದ್ರ ಸೇರುವುದು ಇಲ್ಲಿಯೇ. ಹೊಳೆ ತಂದ ಮರಳು ಬಾಯಲ್ಲೇ ದಿಬ್ಬವಾಗಿ ಕೂರುತ್ತದೆ. ಇಳಿತದ ಹೊತ್ತಿನಲ್ಲಿ ಹೊರಗೆ ನುಗ್ಗುವ ನೀರು ಒಳಗೆ ಬರುವ ಅಲೆಗೆ ಎದುರಾಗುತ್ತದೆ. ಆಗ ಅಲೆ ಗೋಡೆಯಂತೆ ಕಡಿದಾಗಿ ನಿಂತು ಮುರಿಯುತ್ತದೆ. ಅದೇ ಅಲೆ ನೀರು ಏರುತ್ತಿರುವಾಗ ಉದ್ದವಾಗಿ, ಸೌಮ್ಯವಾಗಿ ಬರುತ್ತದೆ. ಅದಕ್ಕೇ ಉಬ್ಬರ ಪೂರ್ತಿಯಾಗುವ ಒಂದು ಗಂಟೆ ಮೊದಲು ಒಳಗೆ ಹೋಗಬೇಕು. ಆಗ ತಳ ತಾಗಿದರೂ ಏರುವ ನೀರು ಎತ್ತಿಬಿಡುತ್ತದೆ. ಇಳಿಯುವಾಗ ತಾಗಿದರೆ ಗಂಟೆಗಟ್ಟಲೆ ಅಲ್ಲೇ.

ಆಳದ ಲೆಕ್ಕವನ್ನೂ ಕಾಗದದ ಮೇಲೆ ಮಾಡಿ. ನಕ್ಷೆಯಲ್ಲಿ ದಿಬ್ಬದ ಮೇಲೆ 1.5 ಮೀಟರ್ ಎಂದಿದೆ, ಉಬ್ಬರ 1 ಮೀಟರ್ ಎನ್ನೋಣ. ಒಟ್ಟು 2.5. ದೋಣಿ ನೀರೊಳಗೆ 1.2 ಮೀಟರ್ ಇಳಿದಿರುತ್ತದೆ. ಒಂದು ಮೀಟರ್ ಅಲೆಯ ತಗ್ಗಿಗೆ ಅರ್ಧ ಮೀಟರ್ ಕಳೆಯಿರಿ. ಉಳಿಯುವುದು 80 ಸೆಂ.ಮೀ. ಉಬ್ಬರದ ಜಾಗದಲ್ಲಿ ಇಳಿತದ 0.2 ಮೀಟರ್ ಇಟ್ಟರೆ ಉಳಿಯುವುದು ಸೊನ್ನೆ. ಇಷ್ಟೆಲ್ಲಾ ಆದ ಮೇಲೂ ನಕ್ಷೆಯನ್ನು ಪೂರ್ತಿ ನಂಬಬೇಡಿ. ಪ್ರತಿ ಮಳೆಗಾಲಕ್ಕೂ ಮರಳು ಜಾಗ ಬದಲಿಸುತ್ತದೆ. ಈ ವರ್ಷ ಆಳ ಯಾವ ಕಡೆ ಇದೆ ಅಂತ ಅಲ್ಲಿನ ಮೀನುಗಾರರನ್ನೇ ಕೇಳಿ.

ಹೊರಡುವ ಹೊತ್ತು

ಮಂಗಳೂರಿನಲ್ಲಿ ಸಂಜೆ 5ಕ್ಕೆ ಉಬ್ಬರ ಇರುವ ದಿನ ಆರಿಸಿ. ಒಳಗೆ ಹೋಗುವುದು 4ಕ್ಕೆ. ವೇಗ 4 ನಾಟ್, ಅಂದರೆ ಗಂಟೆಗೆ 4 ನಾಟಿಕಲ್ ಮೈಲಿ ಹಿಡಿದರೆ ದಾರಿ ಏಳೂವರೆ ಗಂಟೆ, ಗಾಳಿ ಕೈಕೊಟ್ಟರೆ ಅಂತ ಇನ್ನೊಂದು ಗಂಟೆ. ಹಾಗಾದರೆ ಬೆಳಿಗ್ಗೆ 7:30ಕ್ಕೆ ಹೊರಡಬೇಕು ಅಲ್ವಾ? ಆದರೆ ಮಲ್ಪೆಯಲ್ಲೂ ಉಬ್ಬರ ಹೆಚ್ಚುಕಡಿಮೆ ಇದೇ ಹೊತ್ತಿಗೆ. ಹಿಂದಿನ ಉಬ್ಬರ ಬೆಳಗಿನ ಜಾವ 4:35ಕ್ಕೆ ಮುಗಿದಿರುತ್ತದೆ. 7:30ಕ್ಕೆ ಅಲ್ಲಿನ ಅಳಿವೆಯಲ್ಲೂ ನೀರು ಜೋರಾಗಿ ಇಳಿಯುತ್ತಿರುತ್ತದೆ, ಅಲೆ ಕಡಿದಾಗಿರುತ್ತದೆ. ತಾರೀಖು ಬದಲಿಸಿದರೂ ಈ ತೊಡಕು ತಪ್ಪುವುದಿಲ್ಲ.

ಹಾಗಾಗಿ 4:30ಕ್ಕೇ ಹೊರಟು, ಮಧ್ಯಾಹ್ನ 1ಕ್ಕೆ ತಲುಪಿ, ಮಂಗಳೂರಿನ ಹೊರಗೆ ಮೂರು ಗಂಟೆ ಕಾಯಬೇಕು. ಕೇಳಲು ಬೇಜಾರು. ಆದರೆ ಇದೇ ಒಳ್ಳೆಯ ಯೋಜನೆ. ನಸುಕಿನಲ್ಲಿ ನೆಲದ ಕಡೆಯಿಂದ ಗಾಳಿ ಬೀಸುತ್ತಿರುತ್ತದೆ, ಸಮುದ್ರ ಸಪಾಟಾಗಿರುತ್ತದೆ. ದಕ್ಷಿಣಕ್ಕೆ ಹೋಗುವ ದೋಣಿಗೆ ಅದು ಪಕ್ಕದ ಗಾಳಿ, ಚೆನ್ನಾಗಿ ಓಡುತ್ತದೆ. 9ರಿಂದ 11ರ ಒಳಗೆ ಗಾಳಿ ಸತ್ತುಹೋಗಬಹುದು. ಆಮೇಲೆ ವಾಯವ್ಯದಿಂದ ಕಡಲಗಾಳಿ ಏಳುತ್ತದೆ. ಕತ್ತಲಿರುವಷ್ಟು ಹೊತ್ತು ಒಬ್ಬರು ಮುಂದೆ ಕೂತು ನೋಡುತ್ತಿರಲಿ. ಎಲ್ಲ ಬಲೆಗಳಿಗೂ ದೀಪ ಇರುವುದಿಲ್ಲ.

ಹೊರಗೆ ಕಾಯುವುದು

ಅಲೆ ಮುರಿಯುವ ಜಾಗದಿಂದ ದೂರ, ಬೇರೆ ದೋಣಿಗಳ ದಾರಿ ಬಿಟ್ಟು ಲಂಗರು ಹಾಕಿ. ಆಳ 5 ಮೀಟರ್, ಏರಲಿರುವ ನೀರು 1, ನೀರಿನಿಂದ ದೋಣಿಯ ಮೂತಿಗೆ 1, ಒಟ್ಟು 7. ಅದರ ಏಳು ಪಟ್ಟು, ಅಂದರೆ ಸುಮಾರು 50 ಮೀಟರ್ ಹಗ್ಗ ಬಿಡಿ. ದಡದ ಎರಡು ಗುರುತು ಹಿಡಿದು ದೋಣಿ ಜಾರುತ್ತಿಲ್ಲ ಎಂದು ಅರ್ಧ ಗಂಟೆ ಗಮನಿಸಿ. ಲಂಗರಿಗೆ ಜಾಗ ಸಿಗದಿದ್ದರೆ ಮುಂದಿನ ಹಾಯಿಯನ್ನು ಗಾಳಿ ಬರುವ ಕಡೆಗೆ ಎಳೆದು, ಚುಕ್ಕಾಣಿಯ ಹಿಡಿಯನ್ನು ಗಾಳಿ ಹೋಗುವ ಕಡೆಗೆ ಕಟ್ಟಿದರೆ ದೋಣಿ ನಿಧಾನವಾಗಿ ತೇಲುತ್ತಾ ನಿಲ್ಲುತ್ತದೆ. ಇದನ್ನು ಹಿನ್ನೀರಿನಲ್ಲೇ ಕೈಗೆ ಬರುವವರೆಗೆ ಅಭ್ಯಾಸ ಮಾಡಿ. ನಾಲ್ಕು ಗಂಟೆಗೂ ಅಳಿವೆಯಲ್ಲಿ ಬಿಳಿ ನೊರೆ ಅಡ್ಡಲಾಗಿ ಕಂಡರೆ ಒಳಗೆ ಹೋಗಲೇಬೇಡಿ. ಉತ್ತರದಲ್ಲಿ ಪಣಂಬೂರಿನ ದೊಡ್ಡ ಬಂದರು ಆಳವಿದೆ. ಆದರೆ ಅಲ್ಲಿ ಹಡಗುಗಳ ಓಡಾಟ, ಅನುಮತಿ ಬೇಕು. ಯಾರನ್ನು ಸಂಪರ್ಕಿಸಬೇಕು ಎಂದು ಹೊರಡುವ ಮುಂಚೆಯೇ ಬರೆದಿಟ್ಟುಕೊಳ್ಳಿ.

ಹೈದರಾಬಾದಿನ ಇನ್‌ಕೋಯಿಸ್ ಸಂಸ್ಥೆ ಅಲೆಯ ಮುನ್ಸೂಚನೆ ಕೊಡುತ್ತದೆ, ಹವಾಮಾನ ಇಲಾಖೆ ಮೀನುಗಾರರಿಗೆ ಎಚ್ಚರಿಕೆ ಕೊಡುತ್ತದೆ. ಹಿಂದಿನ ರಾತ್ರಿ ಎರಡನ್ನೂ ನೋಡಿ. ಅಲೆಯ ಎತ್ತರದ ಜೊತೆಗೆ ಎರಡು ಅಲೆಗಳ ನಡುವಿನ ಸೆಕೆಂಡುಗಳನ್ನೂ ಓದಿ. 12 ಸೆಕೆಂಡಿಗಿಂತ ಜಾಸ್ತಿ ಇದ್ದರೆ ಅಳಿವೆಯಲ್ಲಿ ಅದು ಎದ್ದು ನಿಲ್ಲುತ್ತದೆ, ಆ ದಿನ ಬಿಡಿ. ಕರಾವಳಿ ಕಾವಲು ಪೊಲೀಸರಿಗೆ ನಿಮ್ಮ ದಾರಿ, ಹೊತ್ತು, ಜನರ ಸಂಖ್ಯೆ ತಿಳಿಸಿ. ರೇಡಿಯೊದಲ್ಲಿ ತುರ್ತಿಗೆ 16ನೇ ಚಾನೆಲ್, ಫೋನ್‌ನಲ್ಲಿ ಕೋಸ್ಟ್ ಗಾರ್ಡ್‌ನ 1554.

ಮಲ್ಪೆಗೆ ವಾಪಸ್ ಹೋಗುವಾಗ ವಾಯವ್ಯದ ಗಾಳಿ ಮುಖಕ್ಕೇ ಹೊಡೆಯುತ್ತದೆ. ಮಧ್ಯಾಹ್ನದ ನಂತರ ಅಂಕುಡೊಂಕಾಗಿ ಹೋಗಬೇಕು, ದಾರಿ ಜಾಸ್ತಿಯಾಗುತ್ತದೆ. ಅದಕ್ಕೆ ರಜೆ ಒಂದು ದಿನ ಹೆಚ್ಚಿಗೆ ಹಾಕಿ. ಇಲ್ಲವೇ ದೋಣಿಯನ್ನು ಮಂಗಳೂರಿನಲ್ಲೇ ಬಿಟ್ಟು ಸಂಪಾಜೆ ಘಾಟಿ ಹತ್ತಿ ಮೈಸೂರಿಗೆ ಬನ್ನಿ. ಹಾಗೆ ಮಾಡುವುದಾದರೆ ಕಾರನ್ನು ಮಲ್ಪೆಯಲ್ಲಿ ನಿಲ್ಲಿಸಬೇಡಿ.