ಬೇನೆ ಎಣಿಸುವುದು ಅಂಗೈಯಿಂದ

ಹೆರಿಗೆ ಬೇನೆ ಎಷ್ಟು ಜೋರಾಗಿದೆ ಅಂತ ನಾನು ಕೂಗು ಕೇಳಿ ಅಳೆಯುವುದಿಲ್ಲ. ಕೆಲವರು ಸಣ್ಣ ನೋವಿಗೂ ಚೀರುತ್ತಾರೆ, ಕೆಲವರು ಹಲ್ಲು ಕಚ್ಚಿ ಸುಮ್ನೆ ಮಲಗಿರುತ್ತಾರೆ. ಲಿಂಗಸುಗೂರು ಕಡೆಯ ಲೇಬರ್ ರೂಮಿನಲ್ಲಿ ಸ್ಟಾಫ್ ನರ್ಸ್ ಆಗಿರುವ ನಾನು ನಂಬುವುದು ಅಂಗೈ ಮತ್ತು ಗೋಡೆ ಗಡಿಯಾರವನ್ನು.

ಹೊಟ್ಟೆಯ ಮೇಲ್ಭಾಗದಲ್ಲಿ ಅಂಗೈಯನ್ನು ಹಗುರವಾಗಿ ಇಡುತ್ತೇನೆ. ತಿಕ್ಕಬಾರದು, ತಿಕ್ಕಿದರೆ ಗರ್ಭಕೋಶ ಕೆರಳಿ ಬಿಗಿಯುತ್ತದೆ, ಲೆಕ್ಕ ಕೆಡುತ್ತದೆ. 10 ನಿಮಿಷ ಕೈ ತೆಗೆಯುವುದಿಲ್ಲ. ಮುಟ್ಟಿದರೆ ಮೂಗಿನ ತುದಿಯಂತಿದ್ದರೆ ಬೇನೆ ಇನ್ನೂ ಎಳಸು. ಗದ್ದದಂತಿದ್ದರೆ ಪರವಾಗಿಲ್ಲ. ಹಣೆಯಷ್ಟು ಗಟ್ಟಿಯಾದರೆ ಜೋರು. 10 ನಿಮಿಷಕ್ಕೆ ಮೂರ್ನಾಲ್ಕು ಸಲ ಬಂದು, ಒಂದೊಂದೂ 40 ಸೆಕೆಂಡು ದಾಟಿದರೆ ಚೆನ್ನಾಗಿ ಸಾಗಿದೆ ಅಂತ ಅರ್ಥ. ಐದಕ್ಕಿಂತ ಜಾಸ್ತಿಯಾದರೆ ಡಾಕ್ಟರಿಗೆ ಫೋನ್. ಬಿಗಿದಾಗ ಕೂಸಿಗೆ ಹೋಗುವ ರಕ್ತ ಕಡಿಮೆಯಾಗುತ್ತದೆ, ನಡುನಡುವೆ ಸಡಿಲ ಆಗಲೇಬೇಕು.

"ಇಷ್ಟೊತ್ತು ಬ್ಯಾನಿ ಬಂದು ಹೋಗಾಕತ್ಯಾವ, ಕೂಸು ಅಲ್ಲೇ ಐತಲ್ರೀ ಸಿಸ್ಟರ್" ಅಂತ ಜೊತೆಗೆ ಬಂದವರು ಕೇಳುತ್ತಾರೆ. ಬಂದುಹೋದ ಬೇನೆ ದಂಡವಲ್ಲ. ಸ್ನಾಯುವಿನ ಜೀವಕೋಶಕ್ಕೆ ಕ್ಯಾಲ್ಸಿಯಂ ನುಗ್ಗಿದಾಗ ಆಕ್ಟಿನ್, ಮಯೋಸಿನ್ ಎಂಬ ಎಳೆಗಳು ಒಂದರ ಪಕ್ಕ ಒಂದು ಜಾರಿ ಕೋಶ ಗಿಡ್ಡವಾಗುತ್ತದೆ. ಕೈಕಾಲಿನ ಸ್ನಾಯು ಸಡಿಲಾದರೆ ಮೊದಲಿನ ಉದ್ದಕ್ಕೇ ಬರುತ್ತದೆ. ಹೆರಿಗೆಯಲ್ಲಿ ಗರ್ಭಕೋಶದ ಮೇಲ್ಭಾಗ ಹಾಗಲ್ಲ, ಪ್ರತಿ ಬೇನೆಗೂ ಚೂರು ಗಿಡ್ಡವಾಗಿಯೇ ಉಳಿಯುತ್ತದೆ. ಹೀಗೆ ದಪ್ಪವಾಗುತ್ತಾ ಕೆಳಭಾಗವನ್ನು ಮೇಲಕ್ಕೆಳೆದು ತೆಳು ಮಾಡುತ್ತದೆ, ಗರ್ಭಕೋಶದ ಬಾಯಿ ತೆರೆಯುತ್ತದೆ.

ನನಗೆ ನಿಜವಾದ ಆತಂಕ ಹೆರಿಗೆಯಾದ ಮೇಲೆ. ಎಲ್ಲರೂ ಕೂಸು ನೋಡುವಾಗ ನನ್ನ ಕೈ ಮತ್ತೆ ಹೊಟ್ಟೆಯ ಮೇಲೆ. ಒಳಗೆ ಇನ್ನೊಂದು ಕೂಸಿಲ್ಲ ಅಂತ ಖಾತ್ರಿ ಮಾಡಿಕೊಂಡು, ಒಂದು ನಿಮಿಷದೊಳಗೆ ಗರ್ಭಕೋಶವನ್ನು ಬಿಗಿಸುವ ಆಕ್ಸಿಟೋಸಿನ್ 10 ಯೂನಿಟ್ ತೊಡೆಗೆ ಚುಚ್ಚುತ್ತೇವೆ. ಈ ಮದ್ದು 2ರಿಂದ 8 ಡಿಗ್ರಿಯಲ್ಲಿ ಇರಬೇಕು. ನಮ್ಮ ಬೇಸಿಗೆ 40 ದಾಟುತ್ತದೆ, ಅದಕ್ಕೇ ಕರೆಂಟ್ ಹೋದರೆ ನನ್ನ ಮೊದಲ ಓಟ ಫ್ರಿಜ್ ಕಡೆಗೆ. ಕೂಸಿನ ಹಿಂದೆ ಬರುವ ಮಾಸು ಕಳಚಿದ ಜಾಗದ ರಕ್ತನಾಳಗಳನ್ನು ಹಿಸುಕಿ ಮುಚ್ಚುವುದು ಅಡ್ಡಾದಿಡ್ಡಿ ಹೆಣೆದ ಈ ಸ್ನಾಯುವೇ. ಅದು ಬಿಗಿಯದಿದ್ದರೆ ರಕ್ತ ನಿಲ್ಲುವುದಿಲ್ಲ.

ಮೊದಲು ತಿಕ್ಕಬಾರದು ಅಂದೆನಲ್ಲ, ಈಗ ಮೆತ್ತಗಿದ್ದರೆ ತಿಕ್ಕಲೇಬೇಕು. ಮೂತ್ರದ ಚೀಲ ತುಂಬಿದ್ದರೂ ಗರ್ಭಕೋಶ ಸರಿಯಾಗಿ ಬಿಗಿಯದು, ಮೊದಲು ಅದನ್ನು ಖಾಲಿ ಮಾಡಿಸುತ್ತೇನೆ.

ಹಾಲು ಕುಡಿಸುವಾಗ ಮತ್ತೆ ಹೊಟ್ಟೆ ಹಿಂಡುತ್ತದೆ, ಎರಡು-ಮೂರನೇ ಹೆರಿಗೆಯವರಿಗೆ ಇನ್ನೂ ಜಾಸ್ತಿ. ಕೂಸು ಚೀಪಿದಾಗ ಮೈಯೇ ಆಕ್ಸಿಟೋಸಿನ್ ಬಿಡುತ್ತದೆ. "ಅದಕ್ಕ ಹೆದರಬ್ಯಾಡವ್ವಾ, ಬಟ್ಟಿ ತೊಯ್ಯುವಷ್ಟು ರಕ್ತ ಹೋದ್ರ ಮಾತ್ರ ಗಡಾನ ಕರಿ" ಅಂತ ಹೇಳಿ ಮುಂದಿನ ಹಾಸಿಗೆಗೆ ಹೋಗುತ್ತೇನೆ.