ದುರ್ಬೀನಿಗೂ ಕೋವಿಗೂ ಒಂದೇ ಟ್ರೈಪಾಡ್: ಬೆಟ್ಟದ ಬೇಟೆಗೆ ಆರಿಸುವ ಬಗೆ

ಟ್ರೈಪಾಡ್ ಕೊಳ್ಳುವ ಮೊದಲು ಮನೆಯಲ್ಲಿ ನೆಲದ ಮೇಲೆ ಕೂತು, ನೆಲದಿಂದ ಕಣ್ಣಿನವರೆಗೆ ಟೇಪು ಹಿಡಿದು ಅಳೆಯಿರಿ. ನನಗೆ 28 ಇಂಚು ಬರುತ್ತದೆ. ನಮ್ಮ ಮನೆಯವರು ಆರಡಿ ಆಳು, ಅವರಿಗೆ 32. ಅಂಗಡಿಯಲ್ಲಿ ಮಾತ್ರ ಎಲ್ಲರೂ ಕೇಳುವುದು "ನಿಂತು ನೋಡೋಕೆ ಎತ್ತರ ಸಾಕಾಗುತ್ತಾ" ಅಂತ. ಬೆಟ್ಟದಲ್ಲಿ ನಿಂತು ನೋಡುವುದು ಕಡಿಮೆ. ಇಳಿಜಾರಿನಲ್ಲಿ ಕೂತು, ಬೆನ್ನಿಗೆ ಬ್ಯಾಗು ಕೊಟ್ಟು, ಎದುರಿನ ಕಣಿವೆಯನ್ನು ಗಂಟೆಗಟ್ಟಲೆ ನೋಡುವುದೇ ಜಾಸ್ತಿ. ಹಾಗಾಗಿ ಈ ಕೂತ ಅಳತೆಯಲ್ಲಿ ಟ್ರೈಪಾಡ್ ಗಟ್ಟಿಯಾಗಿ ನಿಲ್ಲುತ್ತದಾ ಅನ್ನುವುದೇ ಮೊದಲ ಪ್ರಶ್ನೆ.

ನಾನು ಸೋಮವಾರಪೇಟೆ ಕಡೆಯವಳು. ಈಗ ಇರುವುದು ಅಮೆರಿಕದ ಕೊಲೊರಾಡೊದಲ್ಲಿ, ಮಾಂಟ್ರೋಸ್ ಅನ್ನುವ ಊರಿನಲ್ಲಿ. ಪಶ್ಚಿಮಕ್ಕೆ ಅನ್‌ಕಂಪಾಗ್ರೆ ಪ್ರಸ್ಥಭೂಮಿ, ದಕ್ಷಿಣಕ್ಕೆ ಸ್ಯಾನ್ ವಾನ್ ಬೆಟ್ಟಗಳು. ಎಲ್ಕ್ ಮತ್ತು ಮ್ಯೂಲ್ ಡಿಯರ್ ಅನ್ನುವ ಎರಡು ಬಗೆಯ ಜಿಂಕೆಗಳು ಇಲ್ಲಿನ ಮುಖ್ಯ ಬೇಟೆ. ಊರಿನವರು ಗಾಬರಿಯಾಗಬೇಡಿ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಪ್ರಾಣಿ ಬೇಟೆ ಅಪರಾಧ. ಇಲ್ಲಿ ಯಾವ ಪ್ರದೇಶದಲ್ಲಿ ಯಾವ ಪ್ರಾಣಿಯನ್ನು ಯಾವ ದಿನಗಳಲ್ಲಿ ಹೊಡೆಯಬಹುದು ಅಂತ ರಾಜ್ಯವೇ ನಿಗದಿ ಮಾಡಿ ಲೈಸೆನ್ಸ್ ಕೊಡುತ್ತದೆ. 1949ರ ಜನವರಿ 1 ಅಥವಾ ಆಮೇಲೆ ಹುಟ್ಟಿದವರು ಬೇಟೆಯ ಸುರಕ್ಷತೆಯ ತರಬೇತಿ ಮುಗಿಸಿರಬೇಕು. ಕಾಡಿಗೆ ಹೋಗದೆ ಮನೆಯಲ್ಲಿ ಹಕ್ಕಿ ನೋಡುವವರಿಗೂ ಕೆಳಗಿನದರಲ್ಲಿ ಅರ್ಧ ಉಪಯೋಗಕ್ಕೆ ಬರುತ್ತದೆ. ಕೋವಿಯ ಭಾಗ ಬಿಟ್ಟು ಓದಿಕೊಳ್ಳಿ.

ಒಂದೇ ಟ್ರೈಪಾಡಿನಲ್ಲಿ ಎರಡೂ ಕೆಲಸ ಆಗಬೇಕು ಅಂದರೆ ನನ್ನ ಲೆಕ್ಕ ಇಷ್ಟೇ: ಕಾಲನ್ನು ಕೋವಿ ನೋಡಿ ಆರಿಸಿ, ತಲೆಯನ್ನು (ಕಾಲುಗಳ ಮೇಲೆ ಕೂತು ದುರ್ಬೀನನ್ನೋ ಕೋವಿಯನ್ನೋ ಹಿಡಿದು ತಿರುಗಿಸುವ ಭಾಗ) ಕಣ್ಣು ನೋಡಿ ಆರಿಸಿ. ತುಂಬಾ ಜನ ಉಲ್ಟಾ ಮಾಡುತ್ತಾರೆ. ಹೊರುವುದು ಹಗುರವಾಗಲಿ ಅಂತ ಸಣಕಲು ಕಾಲು, ಗುಂಡು ಹೊಡೆಯಲು ಬೇಕು ಅಂತ ಚೆಂಡಿನಂಥ ಕೀಲಿನ ಮೇಲೆ ತಿರುಗುವ ದಪ್ಪ ಬಾಲ್ ಹೆಡ್. ದುಡ್ಡೆಲ್ಲ ತಲೆಗೆ ಹೋಗಿರುತ್ತದೆ, ಕೆಳಗೆ ಕಾಲು ನಡುಗುತ್ತಿರುತ್ತದೆ.

ಮೊದಲು ಕಾಲು

ಕಾಲಿನ ಮೇಲಿನ ಕೊಳವೆಯ ದಪ್ಪ ನೋಡಿ. ಅಲ್ಲಿ 28ರಿಂದ 32 ಮಿಲಿಮೀಟರ್ ಇದ್ದರೆ ಎರಡೂ ಕೆಲಸಕ್ಕೆ ಸರಿ. 22, 24 ಮಿಲಿಮೀಟರಿನವು ದುರ್ಬೀನಿಗೆ ಸಾಕು, ಗಾಳಿ ಬಂದಾಗ ಕೋವಿಗೆ ಸಾಲದು. 36 ಮಿಲಿಮೀಟರ್ ದಾಟಿದವು ಶೂಟಿಂಗ್ ರೇಂಜಿಗೆ ಚೆನ್ನ. ಒಂಬತ್ತು ಸಾವಿರ ಅಡಿ ಎತ್ತರದಲ್ಲಿ ಏದುಸಿರು ಬಿಡುತ್ತ ಅದನ್ನು ಹೊರುವವರಿಗೆ ಅಲ್ಲ.

ಕಾಲಿನ ತುಂಡುಗಳು ಮೂರಾ, ನಾಲ್ಕಾ? ನಾಲ್ಕು ತುಂಡಿನದು ಮಡಚಿದರೆ ಗಿಡ್ಡ ಆಗುತ್ತದೆ, ಆದರೆ ಕೊನೆಯ ತುಂಡು ಕಡ್ಡಿಯಷ್ಟು ಸಣ್ಣ. ನನ್ನಂಥ ಕುಳ್ಳರಿಗೆ ಇಲ್ಲೊಂದು ಲಾಭವಿದೆ. ಕೂತ ಎತ್ತರಕ್ಕೆ ಆ ಕೊನೆಯ ತುಂಡನ್ನು ಎಳೆಯುವ ಅಗತ್ಯವೇ ಬೀಳುವುದಿಲ್ಲ. ಯಾವಾಗಲೂ ದಪ್ಪ ತುಂಡನ್ನು ಮೊದಲು ಎಳೆಯಿರಿ, ಸಣ್ಣದು ಒಳಗೇ ಇರಲಿ. ಹೀಗೆ ಮಾಡಿದರೆ ನಾಲ್ಕು ತುಂಡಿನದೂ ಗಟ್ಟಿ ನಿಲ್ಲುತ್ತದೆ. ಎತ್ತರದವರು ಮೂರು ತುಂಡಿನದನ್ನೇ ತಗೊಳ್ಳಿ.

ಮಡಚಿದ ಉದ್ದ ಯಾಕೆ ಮುಖ್ಯ ಅಂದರೆ, ಅನ್‌ಕಂಪಾಗ್ರೆಯ ತುಂಬ ಗ್ಯಾಂಬೆಲ್ ಓಕ್ ಪೊದೆಗಳಿವೆ. ಆಳೆತ್ತರ, ಒತ್ತೊತ್ತು. ಬ್ಯಾಗಿನ ಪಕ್ಕದಲ್ಲಿ ಸಿಕ್ಕಿಸಿದ ಟ್ರೈಪಾಡ್ ತಲೆಗಿಂತ ಮೇಲೆ ಚಾಚಿದರೆ ಪ್ರತಿ ಪೊದೆಯೂ ಅದನ್ನು ಹಿಡಿದೆಳೆಯುತ್ತದೆ. ಸದ್ದು ಬೇರೆ. ತಲೆ ಸೇರಿ 22 ಇಂಚಿನೊಳಗೆ ಇದ್ದರೆ ನೆಮ್ಮದಿ.

ಮಧ್ಯದ ಕಂಬ ಬೇಡವೇ ಬೇಡ. ಮೂರು ಕಾಲಿನ ಮೇಲೆ ಒಂಟಿ ಕೋಲು ಎತ್ತಿದರೆ ಮೂರು ಕಾಲಿಗೆ ಕೊಟ್ಟ ದುಡ್ಡು ದಂಡ. ಅದು ಇದ್ದರೆ ಟ್ರೈಪಾಡ್ ನೆಲಕ್ಕೆ ಇಳಿಯುವುದೂ ಇಲ್ಲ. ಇಷ್ಟವಾದ ಟ್ರೈಪಾಡಿನಲ್ಲಿ ಕಂಬ ಇದ್ದೇ ಇದ್ದರೆ, ಬಿಚ್ಚಿ ತೆಗೆಯಲು ಬರುತ್ತದಾ ಅಂತ ಕೇಳಿ.

ಕಾರ್ಬನ್ ಫೈಬರಾ, ಅಲ್ಯೂಮಿನಿಯಮಾ? ಕೈಗೆ ದುಡ್ಡು ಎಟುಕಿದರೆ ಕಾರ್ಬನ್. ತೂಕ ಕಡಿಮೆ, ನಡುಕ ಬೇಗ ಅಡಗುತ್ತದೆ. ನವೆಂಬರಿನ ಬೆಳಗ್ಗೆ ಅಲ್ಯೂಮಿನಿಯಂ ಮುಟ್ಟಿದರೆ ಬೆರಳು ಸುಟ್ಟಂತಾಗುತ್ತದೆ. ಅಲ್ಯೂಮಿನಿಯಂ ತಗೊಂಡರೆ ಮೇಲಿನ ಕೊಳವೆಗೆ ಬಟ್ಟೆಯ ಟೇಪು ಸುತ್ತಿ. ತಲೆ ಸೇರಿ ಎರಡು ಕಿಲೋ ಆಸುಪಾಸು ನನ್ನ ಮಿತಿ. ಒಂದೂವರೆ ಕಿಲೋಗಿಂತ ಕೆಳಗೆ ಹೋದರೆ ಕೋವಿಗೆ ಏನೋ ಒಂದು ಬಿಟ್ಟುಕೊಟ್ಟಿರುತ್ತೀರಿ.

ಕಾಲಿನ ತುಂಡುಗಳನ್ನು ಬಿಗಿ ಮಾಡುವ ಲಾಕು ತಿರುಗಿಸುವಂಥದ್ದೇ ನನಗೆ ಇಷ್ಟ. ಕ್ಲಿಪ್ಪಿನಂಥವು ಪೊದೆಗೆ ಸಿಕ್ಕಿ ಬಿಚ್ಚಿಕೊಳ್ಳುತ್ತವೆ, ಟಕ್ ಅಂತ ಸದ್ದೂ ಮಾಡುತ್ತವೆ. ಅಂಗಡಿಯಲ್ಲಿ ಗ್ಲೌಸ್ ಹಾಕಿಕೊಂಡೇ ತಿರುಗಿಸಿ ನೋಡಿ. ಸುಮ್ನೆ ನಾಚಿಕೆ ಬೇಡ.

ಅಂಗಡಿಯಲ್ಲೇ ಮಾಡುವ ಪರೀಕ್ಷೆ

ಡಬ್ಬದ ಮೇಲೆ "ಇಷ್ಟು ಕಿಲೋ ತಡೆಯುತ್ತದೆ" ಅಂತ ಬರೆದಿರುತ್ತಾರೆ. ಅದು ಸುಮ್ಮನೆ ಕೂತ ಭಾರದ ಲೆಕ್ಕ. ಗುಂಡು ಹೊಡೆದಾಗಿನ ಒದೆತಕ್ಕೂ, ಗಾಳಿಗೂ ಅದು ಉತ್ತರ ಹೇಳುವುದಿಲ್ಲ. ಅದರ ಬದಲು ಹೀಗೆ ಮಾಡಿ.

ಟ್ರೈಪಾಡನ್ನು ನಿಮ್ಮ ಕೂತ ಎತ್ತರಕ್ಕೆ ನಿಲ್ಲಿಸಿ. ಮೇಲ್ಭಾಗವನ್ನು ಎರಡೂ ಕೈಯಲ್ಲಿ ಹಿಡಿದು, ಬಟ್ಟೆ ಹಿಂಡುವಂತೆ ತಿರುಚಿ. ಎಲ್ಲಿ ಸಡಿಲ ಇದೆ ಅಂತ ಕೈಗೇ ಗೊತ್ತಾಗುತ್ತದೆ. ಕಾಲು ಕೂಡುವ ಕೀಲಿನಲ್ಲಾ, ಲಾಕಿನಲ್ಲಾ, ಕೆಳಗಿನ ಸಣ್ಣ ತುಂಡಿನಲ್ಲಾ? ಆಮೇಲೆ ದುರ್ಬೀನು ಕೂರಿಸಿ. ಸಾಧ್ಯವಾದರೆ 15 ಪಟ್ಟು ಹಿಗ್ಗಿಸುವಂಥದ್ದು, ಇಲ್ಲದಿದ್ದರೆ ನಿಮ್ಮ 10 ಪಟ್ಟಿನದೇ ಇರಲಿ. ಅಂಗಡಿಯ ಆಚೆ ತುದಿಯಲ್ಲಿರುವ ಯಾವುದಾದರೂ ಸಣ್ಣ ಅಕ್ಷರಕ್ಕೆ ನೆಟ್ಟು ಕಾಲಿಗೆ ಬೆರಳಲ್ಲಿ ತಟ್ಟಿ. ಅಕ್ಷರ ಕುಣಿದು ನಿಲ್ಲಲು ಒಂದು ಸೆಕೆಂಡಿಗಿಂತ ಜಾಸ್ತಿ ಹಿಡಿದರೆ ವಾಪಸ್ ಇಟ್ಟುಬಿಡಿ. ಕೊನೆಗೆ ಎದೆಯ ಭಾರವನ್ನು ಅದರ ಮೇಲೆ ಮುಂದಕ್ಕೆ ಹಾಕಿ ಒರಗಿ. ಗುಂಡು ಹೊಡೆಯುವಾಗ ಹೀಗೇ ಒರಗಬೇಕು. ಕಾಲು ಹೊರಕ್ಕೆ ಜಾರಿದರೆ, ಕೀಲು ಕಿರುಗುಟ್ಟಿದರೆ ಅದು ಫೋಟೋ ತೆಗೆಯುವವರಿಗೆ ಇರಲಿ.

ತಲೆಯ ವಿಚಾರ

ದುರ್ಬೀನು ಕೈಯಲ್ಲಿ ಹಿಡಿದಾಗ ಬೆಟ್ಟವೇ ಅಲುಗುತ್ತಿರುತ್ತದೆ. ಟ್ರೈಪಾಡಿನ ಮೇಲೆ ಇಟ್ಟರೆ ಬೆಟ್ಟ ನಿಲ್ಲುತ್ತದೆ, ಅಲುಗುವುದು ಪ್ರಾಣಿ ಮಾತ್ರ. ಓಕ್ ಪೊದೆಯ ನೆರಳಲ್ಲಿ ಮಲಗಿದ ಮ್ಯೂಲ್ ಡಿಯರ್ ಒಂದು ಕಿವಿ ಆಡಿಸಿದರೂ ಕಾಣುತ್ತದೆ. ಅದಕ್ಕೆ ನೋಟ ಸಾಲು ಹಿಡಿದು ಹೋಗಬೇಕು. ಎಡದಿಂದ ಬಲಕ್ಕೆ, ಒಂದು ನೋಟದಷ್ಟು ಕೆಳಗೆ, ಮತ್ತೆ ಬಲದಿಂದ ಎಡಕ್ಕೆ. ಈ ಕೆಲಸಕ್ಕೆ, ಅಡ್ಡಕ್ಕೂ ಮೇಲೆಕೆಳಗೂ ಬೇರೆ ಬೇರೆಯಾಗಿ ತಿರುಗುವ ಪ್ಯಾನ್ ಹೆಡ್ ಹೇಳಿ ಮಾಡಿಸಿದ್ದು. ಸಾದಾ ಬಾಲ್ ಹೆಡ್ ಸಡಿಲಿಸಿದರೆ ಎಲ್ಲ ಕಡೆಗೂ ವಾಲುತ್ತದೆ, ಸಾಲು ತಪ್ಪುತ್ತದೆ.

ಆದರೆ ಸಣ್ಣ ಪ್ಯಾನ್ ಹೆಡ್ಡುಗಳು ಕೋವಿಯ ಭಾರಕ್ಕೆ ಮೂಗು ತಗ್ಗಿಸುತ್ತವೆ. ಕೋವಿಗೂ ಆಗುತ್ತದೆ ಅಂತ ತಯಾರಿಸಿದವರೇ ಹೇಳಿದ್ದರೆ ಮಾತ್ರ ನಂಬಿ. ನಾನು ಆರಿಸಿದ್ದು ನಡುದಾರಿ: ಸಾಮಾನನ್ನು ಕಚ್ಚಿ ಹಿಡಿಯುವ ಕ್ಲ್ಯಾಂಪಿನ ಕೆಳಗೇ ಬೇರೆಯಾಗಿ ತಿರುಗುವ ತಟ್ಟೆ ಇರುವ ಬಾಲ್ ಹೆಡ್. ಇಳಿಜಾರಿನಲ್ಲಿ ಕಾಲು ಹೇಗೇ ಊರಿದ್ದರೂ ಬಾಲನ್ನು ಒಮ್ಮೆ ಸಮಕ್ಕೆ ತಂದು ಬಿಗಿ ಮಾಡುತ್ತೇನೆ. ಆಮೇಲೆ ಮೇಲಿನ ತಟ್ಟೆ ಮಾತ್ರ ತಿರುಗಿಸಿದರೆ ನೋಟ ಸಾಲಿನಲ್ಲೇ ಹೋಗುತ್ತದೆ. ಕೆಳಗಿನ ಸಾಲಿಗೆ ಇಳಿಯುವಾಗ ಬಾಲನ್ನು ಚೂರು ಸಡಿಲಿಸಬೇಕು, ಅಷ್ಟು ಕಿರಿಕಿರಿ ಇದೆ. ಹಕ್ಕಿ ನೋಡುವವರು ಇದೆಲ್ಲ ಬಿಟ್ಟು ಪ್ಯಾನ್ ಹೆಡ್ಡೇ ತಗೊಳ್ಳಿ.

ದುರ್ಬೀನು, ಕೋವಿ ಎರಡನ್ನೂ ತಲೆಯ ಮೇಲೆ ಕೂರಿಸುವುದು ಆರ್ಕಾ ಸ್ವಿಸ್ ಮಾದರಿಯ ಕ್ಲ್ಯಾಂಪು. ಸುಮಾರು 38 ಮಿಲಿಮೀಟರ್ ಅಗಲದ, ಅಂಚು ಓರೆಯಾದ ಪಟ್ಟಿಯನ್ನು ಇದು ಹಿಡಿಯುತ್ತದೆ. ಎಲ್ಲ ಕಂಪನಿಯ ಪಟ್ಟಿಗಳೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದೇ ಅಳತೆ ಅಂದುಕೊಳ್ಳಬೇಡಿ. ಒಂದೇ ಏಟಿಗೆ ಮುಚ್ಚುವ ಲಿವರ್ ಕ್ಲ್ಯಾಂಪಿನಲ್ಲಿ ಒಂದು ಪಟ್ಟಿ ಬಿಗಿ ಕೂತರೆ ಇನ್ನೊಂದು ಗಡಗಡ ಅನ್ನುತ್ತದೆ. ಸ್ಕ್ರೂ ತಿರುಗಿಸುವ ಕ್ಲ್ಯಾಂಪು ಎರಡು ಸೆಕೆಂಡು ನಿಧಾನ, ಆದರೆ ಯಾವುದನ್ನು ಕೊಟ್ಟರೂ ಹಿಡಿಯುತ್ತದೆ. ಬೇರೆ ಬೇರೆ ಕಂಪನಿಯ ಸಾಮಾನು ಇಟ್ಟುಕೊಂಡವರಿಗೆ ಸ್ಕ್ರೂನೇ ಸರಿ.

ದುರ್ಬೀನಿನ ಎರಡು ಕೊಳವೆ ಕೂಡುವ ಕೀಲಿನ ಮುಂದಿನ ತುದಿಯಲ್ಲಿ ಸಣ್ಣ ಮುಚ್ಚಳ ಇರುತ್ತದೆ. ಅದನ್ನು ಬಿಚ್ಚಿದರೆ ಒಳಗೆ ಕಾಲಿಂಚಿನ ಸ್ಕ್ರೂ ಕೂರುವ ತೂತು. ದುರ್ಬೀನನ್ನು ಕ್ಲ್ಯಾಂಪಿಗೆ ಸೇರಿಸುವ ಅಡಾಪ್ಟರ್ ಅಲ್ಲಿಗೆ ಕೂರುತ್ತದೆ. ಎಲ್ಲ ದುರ್ಬೀನಿನಲ್ಲೂ ಇದು ಇರುವುದಿಲ್ಲ, ಮೊದಲೇ ನೋಡಿಕೊಳ್ಳಿ. ಕೋವಿಯ ಹಿಡಿಯ ಮುಂಭಾಗದ ಅಡಿಗೆ ಆರ್ಕಾ ಪಟ್ಟಿ ಹಾಕಿಸಬೇಕು. ಕೋವಿ ತಾನಾಗಿ ಸಮತೂಗುವ ಜಾಗದವರೆಗೆ ಆ ಪಟ್ಟಿ ಬರಬೇಕು. ಸಾಮಾನ್ಯವಾಗಿ ಅದು ಗುಂಡು ತುಂಬುವ ಮ್ಯಾಗಜೀನಿನ ಸ್ವಲ್ಪ ಮುಂದೆ. ಅಲ್ಲಿ ಹಿಡಿದರೆ ಕೈಬಿಟ್ಟರೂ ಕೋವಿ ವಾಲುವುದಿಲ್ಲ. ತುದಿಯಲ್ಲಿ ಹಿಡಿದರೆ ಹಿಂಭಾರವೆಲ್ಲ ನಿಮ್ಮ ತೋಳಿಗೆ.

ಬದಲಾಯಿಸುವ ಅಭ್ಯಾಸ

ದುರ್ಬೀನಿನಲ್ಲಿ ಪ್ರಾಣಿ ಕಂಡಿತು. ಅದನ್ನು ತೆಗೆದು ಕೋವಿ ಕೂರಿಸಬೇಕು. ಆಗ ಆ ಪ್ರಾಣಿ ಎಲ್ಲಿತ್ತು ಅನ್ನುವುದೇ ಮರೆತುಹೋಗುವುದು ಮಾಮೂಲಿ. ದುರ್ಬೀನು ತೆಗೆಯುವ ಮೊದಲು ಒಂದು ಗುರುತು ಹಿಡಿಯಿರಿ: ಒಣಗಿದ ಮರ, ಬಿಳಿ ಬಂಡೆ, ಹಿಮದ ತುಂಡು. ಬಾಲ್ ಲಾಕು ಮುಟ್ಟಬೇಡಿ. ಕ್ಲ್ಯಾಂಪು ಮಾತ್ರ ಬಿಚ್ಚಿ, ಕೋವಿ ಇಟ್ಟು, ಬಿಗಿ ಮಾಡಿ. ಬಾಲ್ ಕದಲದಿದ್ದರೆ ಕೋವಿಯ ಸ್ಕೋಪೂ ಹೆಚ್ಚುಕಡಿಮೆ ಅದೇ ಜಾಗಕ್ಕೆ ನೆಟ್ಟಿರುತ್ತದೆ. ಇದನ್ನು ಖಾಲಿ ಕೋವಿಯಲ್ಲಿ ಮನೆಯಂಗಳದಲ್ಲಿ ಮಾಡಿ ಮಾಡಿ ಕೈಗೆ ಕಲಿಸಬೇಕು. ಕೋವಿಯ ಸ್ಕೋಪಿನಲ್ಲೇ ಹುಡುಕುತ್ತೇನೆ ಅನ್ನುವವರ ಹತ್ತಿರ ನಾನು ಕೂರುವುದಿಲ್ಲ. ಸ್ಕೋಪು ನೋಡಿದ ಕಡೆಗೇ ನಳಿಗೆಯೂ ನೋಡುತ್ತದೆ, ಎದುರಿನ ಗುಡ್ಡದಲ್ಲಿ ಕಿತ್ತಳೆ ಬಣ್ಣದ ಜಾಕೀಟು ಹಾಕಿದವರೂ ಇರುತ್ತಾರೆ ಅಲ್ವಾ. ಹೊಡೆಯುವುದು ಖಚಿತ ಆಗುವವರೆಗೆ ನಳಿಗೆಯ ಹಿಂದೆ ಗುಂಡು ಕೂರುವ ಚೇಂಬರ್ ಖಾಲಿ ಇರಲಿ. ಕೋವಿ ಕಚ್ಚಿಸಿಕೊಂಡ ಟ್ರೈಪಾಡ್ ಎತ್ತಿಕೊಂಡು ನಡೆಯಬೇಡಿ.

ಇಳಿಜಾರಿನಲ್ಲಿ ಎರಡು ಕಾಲು ಕೆಳಗಡೆಗೆ, ಒಂದು ನಿಮ್ಮ ಕಡೆಗೆ. ಮುಂದಕ್ಕೆ ಒರಗಿದಾಗ ಆ ಎರಡು ಕಾಲು ಭಾರ ತಡೆಯುತ್ತವೆ. ಸಮ ನೆಲದಲ್ಲಾದರೆ ನಾನು ಒಂದು ಕಾಲನ್ನು ಗುರಿಯ ಕಡೆಗೆ ಇಡುತ್ತೇನೆ. ಬಲ ಮೊಣಕೈ ಗಾಳಿಯಲ್ಲಿ ತೇಲದಂತೆ ಬ್ಯಾಗನ್ನು ತೊಡೆಯ ಮೇಲೆ ಇಟ್ಟು ಅದಕ್ಕೆ ಊರುವುದು ಟ್ರೈಪಾಡಿಗಿಂತ ಕಡಿಮೆ ಮುಖ್ಯವಲ್ಲ. ಗಾಳಿ ಇದ್ದರೆ ನಡುವಿನ ಕೊಕ್ಕೆಗೆ ಬ್ಯಾಗು ತೂಗುಹಾಕಿ, ಆದರೆ ಅದರ ತಳ ನೆಲಕ್ಕೆ ತಾಗಿರಲಿ. ಪೂರ್ತಿ ತೂಗುಬಿಟ್ಟರೆ ಬ್ಯಾಗು ಓಲಾಡಿ ಕಾಲನ್ನೂ ಓಲಾಡಿಸುತ್ತದೆ.

ಕೊಲೊರಾಡೊದಲ್ಲಿ ಸೂರ್ಯ ಹುಟ್ಟುವ ಅರ್ಧ ಗಂಟೆ ಮೊದಲು ಹೊಡೆಯುವ ಸಮಯ ಶುರು. ಅದಕ್ಕೂ ಮೊದಲೇ ಕತ್ತಲಲ್ಲಿ ಟ್ರೈಪಾಡ್ ಊರಿರಬೇಕು. ಕಾಲಿನ ಕೋನ ಬದಲಿಸುವ ಗುಂಡಿ ಲೋಹದ್ದಾದರೆ ಆ ನಿಶ್ಶಬ್ದದಲ್ಲಿ ಪಟಾಕಿಯೇ. ಗುಂಡಿಯನ್ನು ಬೆರಳಲ್ಲಿ ಒತ್ತಿಟ್ಟುಕೊಂಡು ಕಾಲು ಹರಡಿ, ಮೆಲ್ಲಗೆ ಬಿಡಿ.

ಖರ್ಚಿನ ಬಗ್ಗೆ ಒಂದು ಮಾತು. ರಿಯಲಿ ರೈಟ್ ಸ್ಟಫ್‌ನಂಥ ಕಂಪನಿಗಳ ಕಾರ್ಬನ್ ಕಾಲು, ತಲೆ ಸೇರಿದರೆ ಸಾವಿರ ಡಾಲರ್ ದಾಟುತ್ತದೆ. ಲಿಯೊಫೋಟೊ, ಸಿರುಯಿ ಅದಕ್ಕಿಂತ ಸಾಕಷ್ಟು ಅಗ್ಗ, ಮೇಲಿನ ಪರೀಕ್ಷೆ ಪಾಸಾದರೆ ಧಾರಾಳ ತಗೊಳ್ಳಿ. ಸೀಸನ್ ಮುಗಿದ ಮೇಲೆ ಸೆಕೆಂಡ್ ಹ್ಯಾಂಡ್ ಕೂಡ ನೋಡಿ. ಹಳೆಯದನ್ನು ನೋಡುವಾಗ ಪ್ರತಿ ಲಾಕನ್ನೂ ಪೂರ್ತಿ ಬಿಚ್ಚಿ, ಕಾಲನ್ನು ಹೊರಗೆಳೆದು, ಲಾಕಿನ ಸ್ಕ್ರೂ ಸುತ್ತುಗಳ ಮೇಲೆ ಬೆರಳು ಆಡಿಸಿ. ಮರಳು ಕಿರಕಿರ ಅಂದರೆ ಒರೆಸಿ ತೆಳುವಾಗಿ ಗ್ರೀಸ್ ಹಚ್ಚಿದರೆ ಸರಿಹೋಗುತ್ತದೆ. ಕಾರ್ಬನ್ ಕೊಳವೆಯಲ್ಲಿ ಉಗುರಿಗೆ ಸಿಕ್ಕುವಷ್ಟು ಸೀಳು ಇದ್ದರೆ ಎಷ್ಟು ಅಗ್ಗವಾದರೂ ಬೇಡ.